ಗುರುತು ಬೀಳದ ಗಂಟು

ಹನ್ನೊಂದನೆಯ ಕಂತು

“ವಿಷ ಅಲ್ಲ ಇದು,” ಅಂದರು ಡಾಕ್ಟರ್ ಬಾಹುಬಲಿ. “ವಿಷ ಆಗಿದ್ರ ಒಂದ ದಾರಿಯರ ಇತ್ತು.”

ಧೂಳಪ್ಪ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿಕೊಂಡೇ ಇದ್ದ. ಗಾಜಿನ ಪಟ್ಟಿಯ ಮೇಲಿದ್ದದ್ದು ಸತ್ತ ಹುಡುಗನ ತೊಗಲಿನ ಜೀವಕೋಶಗಳು. ಹುಡುಗ ಈ ಮಿರಜಿನ ಆಸ್ಪತ್ರೆಯಲ್ಲಿ ಇನ್ನೂ ಉಸಿರಾಡುತ್ತಿದ್ದಾಗ ಡಾಕ್ಟರು ಒಂದು ಚೂರು ತೊಗಲು ತೆಗೆದು ಮುಂಬಯಿಗೆ ಕಳಿಸಿದ್ದರು. ಅಲ್ಲಿಯವರು ಅದನ್ನು ಬೆಳೆಸಿ, ಬಣ್ಣ ಹಾಕಿ, ಹುಡುಗ ಹೋದ ಮೇಲೆ ವಾಪಸು ಕಳಿಸಿದ್ದರು. ಒಂದೊಂದು ಕೋಶದ ತುಂಬ ಕಪ್ಪು ಕಾಳುಗಳು ಒತ್ತೊತ್ತಾಗಿ ಕೂತಿದ್ದವು.

ಆ ಹುಡುಗ ಕರೋಶಿಯ ತಾರವ್ವನ ಮಗ ರಾಜಾರಾಮ. ಅವನಿಗೂ ಅವನಿಗಿಂತ ಮೊದಲು ಹುಟ್ಟಿದ ಸುಂದ್ರಿಗೂ ಗುಲಗಂಜಿ ತೇಯ್ದು ಕುಡಿಸಿ ಕೊಂದಳೆಂದು ಪೊಲೀಸರು ತಾರವ್ವನನ್ನು ಚಿಕ್ಕೋಡಿಯ ಸಬ್‌ಜೇಲಿನಲ್ಲಿ ಕೂಡಿಸಿದ್ದರು.

ಧೂಳಪ್ಪ ಕ್ರೈಂ ಬ್ರ್ಯಾಂಚಿನ ಜಮಾದಾರಿಕೆಯಿಂದ ನಿವೃತ್ತನಾಗಿ ಚಿಕ್ಕೋಡಿ ಕೋರ್ಟಿನ ಎದುರು, ಟೇಲರ್ ಅಂಗಡಿಯ ಅಟ್ಟದ ಮೇಲೆ ‘ಖಾಸಗಿ ಪತ್ತೇದಾರ’ ಎಂದು ಬೋರ್ಡು ಹಾಕಿಕೊಂಡವನು. ಮೆಟ್ಟಿಲು ಹತ್ತಿ ಬಂದವರಲ್ಲಿ ಅರ್ಧ ಮಂದಿ ಕುಪ್ಪಸದ ಅಳತೆ ಕೊಡಲು ಬಂದವರೇ. ಉಳಿದವರದು ಕಳೆದುಹೋದ ಎಮ್ಮೆ, ಮದುವೆಯ ಹಿಂದಿನ ದಿನ ಓಡಿಹೋದ ವರ, ಇಂಥವೇ. ತಾರವ್ವನ ತಾಯಿ ಮಲಕವ್ವ ಅನಂತಪುರದಿಂದ ಬಂದು ಮೆಟ್ಟಿಲ ಮೇಲೆ ಕೂತು ಅತ್ತಾಗ, ಜನ್ಮದಲ್ಲಿ ಒಮ್ಮೆಯಾದರೂ ನಿಜವಾದ ಪತ್ತೆ ಮಾಡೋಣವೆಂದು ಅವನಿಗೆ ಆಸೆಯಾಗಿತ್ತು. ಆಸೆ ಅನ್ನುವುದು ಯಾವ ವಯಸ್ಸಿನವರನ್ನೂ ಬಿಡುವುದಿಲ್ಲ.

“ಖೂನಿ ಯಾರು ಮಾಡಿದ್ರು ಅಂತ ಕೇಳಿದ್ಯಲ್ಲ,” ಡಾಕ್ಟರು ಕುರ್ಚಿ ಎಳೆದುಕೊಂಡರು. “ಒಂದ ಪ್ರೊಟೀನು. ಅದು ಏನೂ ಮಾಡಿಲ್ಲ. ಮಾಡಬೇಕಾದ್ದ ಮಾಡಿಲ್ಲ, ಅದ ಅದರ ತಪ್ಪು.”

“ನನಗ ತಿಳಿಯೂಹಂಗ ಹೇಳ್ರಿ ಸಾಹೇಬ್ರ. ನಾ ಓದಿದ್ದು ಏಳನೇತ್ತ.”

“ನಿಮ್ಮವ್ವ ನಿಪ್ಪಾಣಿ ತಂಬಾಕದ ವಖಾರದಾಗ ಇದ್ಲು ಅಂದಿದ್ದಿ?”

ಹೌದು. ಧೂಳಪ್ಪನ ತಾಯಿ ಅಕ್ಕುತಾಯಿ ಆ ತಂಬಾಕಿನ ಗೋದಾಮಿನಲ್ಲಿ ಎಲೆ ಆರಿಸುವವಳು. ಅವನ ಬಾಲ್ಯವೆಲ್ಲ ಆ ಘಾಟಿನಲ್ಲೇ ಸೀನುತ್ತ ಕಳೆದಿತ್ತು. ವಖಾರದಲ್ಲಿ ಸರಕು ಹೇಗೆ ಹೊರಬೀಳುತ್ತದೆಂದು ಡಾಕ್ಟರು ಅವನ ಬಾಯಿಂದಲೇ ಹೇಳಿಸಿದರು. ಎಲೆ ಆರಿಸಿದ ಮೇಲೆ ಗುರುತು ಹಾಕುವವನು ಕಾಡಿಗೆಯಲ್ಲಿ ಮಾರ್ಕಾ ಹೊಡೆಯುತ್ತಾನೆ. ಮಾರ್ಕಾ ನೋಡಿ ಹಮಾಲ ಹಿಡಿಯುತ್ತಾನೆ. ಆಳುಗಳ ಮೇಲಿನ ಮುಕಾದಮ ಜಾಗ ತೋರಿಸಿ ಕೂಗಿದರೆ ಗೋಣಿ ಹೊಲಿಯುವವರು ಬಂದು, ಸುತ್ತಿ, ಬಾಯಿ ಬಿಗಿದು, ಗಂಟನ್ನು ಬೇರೆ ಮಾಡುತ್ತಾರೆ. ಗಂಟು ಯಾವ ಊರಿನದೋ ಆ ಗಾಡಿಗೆ ಹೋಗುತ್ತದೆ.

“ಕೋಶದಾಗೂ ಹಂಗ,” ಅಂದರು ಡಾಕ್ಟರು. “ಗಾಲ್ಗಿ ಅಂತ ಒಂದ ಜಾಗಾ ಐತಿ. ಬುಟ್ಟ್ಯಾಗ ರೊಟ್ಟಿ ಒಂದರ ಮ್ಯಾಲ ಒಂದ ಇಟ್ಟಾಂಗ ಕಾಣತೈತಿ. ಅದ ವಖಾರ.”

ಅಲ್ಲಿಗೆ ಬರುವ ಸರಕೆಂದರೆ ಕಿಣ್ವಗಳು. ಕೋಶದೊಳಗಿನ ಹಳೆಯ ಹೊಲಸನ್ನು ಅರಗಿಸುವ ಹತ್ಯಾರುಗಳು, ಸಲಕರಣೆಗಳು ಅವು. ಅವುಗಳ ಮೇಲೆ ಒಂದು ಪ್ರೊಟೀನು ಸಕ್ಕರೆಯ ಗುರುತು ಹಾಕುತ್ತದೆ. ಗಾಲ್ಗಿಯ ಪದರಿನಲ್ಲಿ ನಿಂತ ಇನ್ನೊಂದು ಪ್ರೊಟೀನು ಆ ಗುರುತು ಹಿಡಿದು ಸರಕನ್ನು ಒಂದು ಮೂಲೆಗೆ ಕೂಡಿಸುತ್ತದೆ. ಪದರಿನ ಹೊರಗೆ ಮುಕಾದಮನ ಹಾಗೆ ಒಂದು ಸಣ್ಣ ಪ್ರೊಟೀನು ಬಂದು ಕೂರುತ್ತದೆ. ಅದು ಕರೆದರೆ ಉಳಿದವು ಬರುತ್ತವೆ, ಒಂದರ ಕೈ ಒಂದು ಹಿಡಿದು ಬಲೆ ಹೆಣೆಯುತ್ತವೆ, ಪದರನ್ನು ಉಬ್ಬಿಸಿ, ಬಾಯಿ ಬಿಗಿದು, ಕಡಿದುಬಿಡುತ್ತವೆ. ಒಂದು ಚೀಲ ಬೇರೆಯಾಗುತ್ತದೆ. ಹೊಲಸು ಅರಗಿಸುವ ಕೋಣೆಗೆ ಅದು ಹೋಗಿ ಮುಟ್ಟುತ್ತದೆ. ಇಷ್ಟನ್ನು ಹೇಳುವಾಗ ಡಾಕ್ಟರ ಮುಖ ಹಿಗ್ಗಿತ್ತು. ಆಮೇಲೆ ಆ ಹಿಗ್ಗಿಗೇ ನಾಚಿದಂತೆ ಅವರು ದನಿ ಇಳಿಸಿದರು.

“ಈ ಹುಡುಗಗ ಮೊದಲಿಗೆ ಗುರುತು ಹಾಕಾವನ ಇಲ್ಲ. ಮುಕಾದಮ ಅದಾನ, ಹೊಲಿಯಾವರು ಅದಾರ, ಚೀಲ ಹೊಂಟಾವು. ಆದ್ರ ಅದರಾಗ ಹತ್ಯಾರ ಇಲ್ಲ. ಗುರುತಿಲ್ಲದ ಸರಕು ದೊಡ್ಡ ಬಾಗಲದಿಂದ ಹೊರಗ ಬಿದ್ದು ರಕ್ತದಾಗ ತಿರಗಾಕತ್ತೇತಿ.”

ಹಾಗಾಗಿಯೇ ಹುಡುಗನ ರಕ್ತದಲ್ಲಿ ಕಿಣ್ವಗಳು ಹತ್ತಿಪ್ಪತ್ತು ಪಟ್ಟು ಇದ್ದವು. ಮೊದಲು ನೋಡಿದ ವೈದ್ಯರು ವಿಷಕ್ಕೆ ಪಿತ್ತಜನಕಾಂಗ ಒಡೆದಿದೆ ಅಂದುಕೊಂಡಿದ್ದರು. ಅವರದೂ ತಪ್ಪಿಲ್ಲ, ಮೇಲಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಒಳಗೆ ಕೋಶಕೋಶದಲ್ಲೂ ಹೊಲಸು ತುಂಬಿ ಕೂಸು ಹುಟ್ಟಿದಾಗಿನಿಂದ ಬಿಗಿಯುತ್ತ ಬಂದಿತ್ತು. ಮೊದಲು ಬೆರಳು, ಆಮೇಲೆ ಭುಜ, ಕಡೆಗೆ ಎದೆ.

“ಇದಕ್ಕ ಔಷಧ?”

ಡಾಕ್ಟರು ತಲೆಯಾಡಿಸಿದರು. ಈ ಆಸ್ಪತ್ರೆಯಲ್ಲಿಲ್ಲ, ಮುಂಬಯಿಯಲ್ಲಿಲ್ಲ, ಲೋಕದಲ್ಲೇ ಇಲ್ಲ ಅಂದರು. ಕಳ್ಳನನ್ನು ಹಿಡಿದರೆ ಬೇಡಿ ಹಾಕಬಹುದು ಅನ್ನುವುದು ಧೂಳಪ್ಪ ಜೀವಮಾನವಿಡೀ ನಂಬಿದ ಸಂಗತಿ. ಬೇಡಿಗೆ ಸಿಗದ ಕಳ್ಳನೂ ಇರುತ್ತಾನೆಂದು ಅವನಿಗೆ ಈಗ ಮೊದಲ ಸಲ ತಿಳಿಯಿತು.

ಹೊರಡಲು ಎದ್ದವನನ್ನು ಡಾಕ್ಟರು ಕೂರಿಸಿದರು. ತಾರವ್ವನನ್ನು ಯಾರಿಗೆ ಕೊಟ್ಟಿದ್ದಾರೆಂದು ಕೇಳಿದರು. ತಾಯಿಯ ತಮ್ಮ ಭೀಮಸಿಗೆ, ಸೋದರಮಾವನಿಗೇ, ಅಂದ ಧೂಳಪ್ಪ. ಈ ಕಡೆ ಅದು ಪ್ರಶ್ನೆ ಮಾಡುವ ಸಂಗತಿಯೇ ಅಲ್ಲ. ಮಾವ ಇರುವಾಗ ಹೊರಗಿನವರಿಗೆ ಕೊಟ್ಟರೆ ಆಗಲೇ ಜನ ಯಾಕೆ ಎಂದು ಕೇಳುತ್ತಾರೆ. ಸಂಬಂಧದಲ್ಲಿ ಕೊಟ್ಟವರ ಮಕ್ಕಳೆಲ್ಲ ಹೀಗಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ತಂದೆಯಿಂದೊಂದು ತಾಯಿಯಿಂದೊಂದು ಬರುವ ಪಾಲಿನಲ್ಲಿ ಕೆಟ್ಟದ್ದು ಒಂದೇ ಇದ್ದರೆ ಮನುಷ್ಯ ಗಟ್ಟಿಮುಟ್ಟಾಗಿ ಎಂಬತ್ತು ವರ್ಷ ಬಾಳುತ್ತಾನೆ. ತಂದೆಯದೂ ತಾಯಿಯದೂ ಎರಡೂ ಕೆಟ್ಟದ್ದು ಒಂದೇ ಕೂಸಿಗೆ ಬಂದರೆ ಮಾತ್ರ ಹೀಗೆ. ಈ ಮನೆತನದ ರಕ್ತದಲ್ಲಿ ಅದು ಎಷ್ಟೋ ತಲೆಮಾರಿನಿಂದ ಸುಮ್ಮನೆ ಕೂತಿತ್ತು.

“ಮನ್ಯಾಗ ಬ್ಯಾರೆ ಕೂಸ ಐತೇನು?”

“ಐತ್ರಿ. ತಾರವ್ವನ ತಂಗಿ ಸಾವಕ್ಕಂದು. ಗಂಗಾರಾಮ ಅಂತ ಹೆಸರು. ಇನ್ನೂ ವರ್ಷ ತುಂಬಿಲ್ಲ.”

“ತಂಗೀನ ಯಾರಿಗೆ ಕೊಟ್ಟಾರ?”

“ಭೀಮಸಿ ತಮ್ಮ ಸತ್ಯಪ್ಪಗ.”

ಅಕ್ಕತಂಗಿಯರು, ಅಣ್ಣತಮ್ಮಂದಿರು, ಎಲ್ಲ ಒಂದೇ ರಕ್ತ. ಡಾಕ್ಟರು ಪೆನ್ನಿನ ಟೊಪ್ಪಿಗೆ ಹಾಕಿ ಕಿಸೆಗೆ ಇಟ್ಟರು. ಕೂಸಿನ ಕೈ ನೋಡಿ ಬಾ, ಮುಷ್ಟಿ ತೆರೆಯುತ್ತದೋ ಇಲ್ಲವೋ ನೋಡು, ಸಂಶಯ ಬಂದರೆ ಫೋನು ಮಾಡು, ರಕ್ತ ತೆಗೆಯಲು ನಾನೇ ಸೂಜಿ ಹಿಡಿದುಕೊಂಡು ಬರುತ್ತೇನೆ ಅಂದರು.

ಚಿಕ್ಕೋಡಿಗೆ ಬಂದ ಧೂಳಪ್ಪ ನೇರವಾಗಿ ವಕೀಲ ವಿರುಪಾಕ್ಷಪ್ಪನವರ ಬಳಿಗೆ ಹೋದ. ಕೋರ್ಟಿನ ಮಗ್ಗುಲಿನ ಚಹಾದಂಗಡಿಯೇ ಅವರ ಆಫೀಸು. ತಾರವ್ವನ ವಕಾಲತ್ತು ಅವರದು.

ಗುಲಗಂಜಿಯ ವಿಷಯದಲ್ಲಿ ಅವರಿಗೆ ಆಗಲೇ ಅರ್ಧ ಧೈರ್ಯ ಬಂದಿತ್ತು. ತಾರವ್ವನ ಗುಟ್ಟಿ ಡಬ್ಬಿಯಲ್ಲಿ, ಕೂಸಿಗೆ ತೇಯ್ದು ಕುಡಿಸುವ ಬಜೆ, ಜಾಯಿಕಾಯಿಗಳ ನಡುವೆ, ಆ ಕೆಂಪು ಕರಿ ಕಾಳುಗಳು ಸಿಕ್ಕಿದ್ದವು. ನೋಡಿದವನು ಗಂಡ ಭೀಮಸಿ. ಅವನು ದನ ಕಾಯುವವನು. ಹಿಂದೆ ಯಾರೋ ಹಗೆಯಿಂದ ಗುಲಗಂಜಿ ಅರೆದು ಸೂಜಿ ಮಾಡಿ ಚುಚ್ಚಿ ಅವನ ಎತ್ತನ್ನು ಕೊಂದಿದ್ದರು. ದನಗಾರರ ಮನೆಯಲ್ಲಿ ಆ ಕಾಳು ಕಂಡರೆ ಎದೆ ಒಡೆಯುತ್ತದೆ. ಬೇರೆ ಯಾರೇ ಆಗಿದ್ದರೂ ಕೂಸಿನ ದೃಷ್ಟಿಮಣಿ ಅಂದುಕೊಂಡು ಡಬ್ಬಿ ಮುಚ್ಚುತ್ತಿದ್ದರು. ಭೀಮಸಿ ಡಬ್ಬಿಯನ್ನು ಹಿಡಿದುಕೊಂಡು ಠಾಣೆಗೆ ಓಡಿದ.

ಧೂಳಪ್ಪ ಕಳೆದ ವಾರ ಠಾಣೆಯಲ್ಲಿ ಕಾಳುಗಳನ್ನು ಬೆಳಕಿಗೆ ಹಿಡಿದು ನೋಡಿದ್ದ. ಒಂದೊಂದರ ನಡುವೆಯೂ ತೂತು. ಎರಡು ತೂತಿನಲ್ಲಿ ಕರಿ ದಾರದ ಎಳೆ ಇನ್ನೂ ಇತ್ತು. ಅರೆದು ಕುಡಿಸುವವರು ಕಾಳಿಗೆ ತೂತು ಕೊರೆದು ದಾರ ಪೋಣಿಸುತ್ತ ಕೂರುವುದಿಲ್ಲ. ಅವು ಸತ್ತ ಮಕ್ಕಳ ಮುಂಗೈಗೆ ದೃಷ್ಟಿಯಾಗದಿರಲೆಂದು ಕಟ್ಟಿದ್ದವು. ಹರಿದಾಗ ಹೆತ್ತವಳು ಆರಿಸಿ ಎತ್ತಿಟ್ಟಿದ್ದಳು. ಅಷ್ಟೇ.

ಈಗ ಮಿರಜಿನ ಕಥೆಯನ್ನು ಕೇಳಿ ವಕೀಲರು ಕುಣಿಯುತ್ತಾರೆಂದು ಅವನು ಎಣಿಸಿದ್ದ. ಅವರು ಚಹಾದ ಬಸಿ ಕೆಳಗಿಟ್ಟರು.

“ಸರಕಾರಿ ವಕೀಲ ಏನಂತಾನ ಗೊತ್ತೇನು? ಬ್ಯಾನಿ ಇತ್ತು, ಖರೇ. ವಾಸಿ ಆಗದ ಬ್ಯಾನಿ. ಅದಕ್ಕ ಬ್ಯಾಸತ್ತು ತಾಯಿ ಮುಗಸಿದ್ಲು. ನಿನ್ನ ಗಾಲ್ಗಿ ನಮಗ ಸಾಕ್ಷಿ ಅಲ್ಲೋ, ಅವರಿಗೆ ಕಾರಣ.”

“ಹಂಗಾರ?”

“ಹಂಗಾರ ಏನು. ಅಕಿ ಜೇಲಿನ್ಯಾಗ ಇದ್ದಾಗ, ಅಕಿ ಕೈ ತಾಗದ ಇನ್ನೊಂದ ಕೂಸಿಗೆ, ಅದ ಮನ್ಯಾಗ, ಅದ ಬ್ಯಾನಿ ಬಂದ್ರ, ಕೊಲ್ಲೂದು ಬ್ಯಾನಿ, ತಾಯಿ ಅಲ್ಲ ಅಂತ...” ವಿರುಪಾಕ್ಷಪ್ಪ ಉತ್ಸಾಹದಿಂದ ಹೊರಟವರು ನಡುವೆಯೇ ನಿಂತರು. ತಾವು ಏನನ್ನು ಬೇಡಿಕೊಳ್ಳುತ್ತಿದ್ದೇವೆಂದು ಅವರಿಗೇ ಕೇಳಿಸಿತು.

ಕರೋಶಿಗೆ ಹೋಗುವ ಬಸ್ಸಿನಲ್ಲಿ ಧೂಳಪ್ಪನಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಕೂಸು ಚೆನ್ನಾಗಿರಲಿ ಎಂದು ಒಮ್ಮೆ ಬೇಡಿಕೊಳ್ಳುತ್ತಿದ್ದ. ಅದು ಚೆನ್ನಾಗಿದ್ದರೆ ತಾರವ್ವನ ಗತಿ ಏನು ಎಂದು ಮರುಕ್ಷಣ ಅನ್ನಿಸುತ್ತಿತ್ತು. ಅತ್ತ ದರಿ, ಇತ್ತ ಪುಲಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಮಾತು. ಅದರೊಳಗೆ ಹೊಕ್ಕು ನೋಡುವ ಪಾಳಿ ಅವನಿಗೆ ಇಳಿವಯಸ್ಸಿನಲ್ಲಿ ಬಂದಿತ್ತು.

ಭೀಮಸಿ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಧೂಳಪ್ಪನನ್ನು ನೋಡಿ ಎದ್ದು ಕೊಟ್ಟಿಗೆಯ ಕಡೆ ಹೋದ. ಹೆಂಡತಿಯ ಪರವಾಗಿ ಬಂದವನ ಜೊತೆ ಏನು ಮಾತಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ, ಪಾಪ.

ಸಾವಕ್ಕ ಮಾತ್ರ ಚಾಪೆ ಹಾಸಿದಳು. ಮಜ್ಜಿಗೆ ಕೊಟ್ಟಳು. ಇಪ್ಪತ್ತು ದಾಟಿರದ ಹುಡುಗಿ, ಕಣ್ಣು ತುಂಬ ನಿದ್ದೆ ಮಾಡಿದವರ ಹಾಗೆ ನಿರಾಳವಾಗಿದ್ದಳು. ಕೂಸು ಅವಳ ಮಡಿಲಲ್ಲಿತ್ತು. ದುಂಡು ಕೆನ್ನೆ, ಅಗಲ ಮೂಗು. ಉಸಿರಾಡುವಾಗ ಗೊರಗೊರ ಸದ್ದು.

“ನೋಡ್ರಿ, ಎಷ್ಟ ಮೈ ತುಂಬ್ಯಾನ,” ಅಂದಳು. ಅಕ್ಕ ಹೋದ ಮೇಲೆ ಗುಟ್ಟಿಯ ಕಲ್ಲನ್ನೂ ಹೊಳೆಗೆ ಎಸೆದುಬಂದಿದ್ದಳಂತೆ. ಕೂಸಿಗೆ ಈಗ ತನ್ನ ಹಾಲು ಬಿಟ್ಟು ಬೇರೇನೂ ಇಲ್ಲ.

ಧೂಳಪ್ಪ ಕೂಸಿನ ಅಂಗೈಗೆ ತನ್ನ ಬೆರಳು ಇಟ್ಟ. ಆ ವಯಸ್ಸಿನ ಕೂಸುಗಳು ಬೆರಳು ಕಂಡರೆ ಹಿಡಿಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಇದು ಹಿಡಿಯಲೂ ಇಲ್ಲ, ಬಿಡಲೂ ಇಲ್ಲ. ಬೆರಳುಗಳು ಅರ್ಧ ಮಡಚಿ ಹಾಗೇ ನಿಂತಿದ್ದವು. ಅವನು ಮೆಲ್ಲಗೆ ಬಿಡಿಸಲು ನೋಡಿದ. ಬರಲಿಲ್ಲ. ಕೂಸು ಅವನನ್ನು ನೋಡಿ ನಕ್ಕಿತು. ದಪ್ಪ ಒಸಡು ಕಂಡಿತು. ಆಸ್ಪತ್ರೆಯಲ್ಲಿ ಡಾಕ್ಟರು ತೋರಿಸಿದ ರಾಜಾರಾಮನ ಫೋಟೋದಲ್ಲೂ ಅದೇ ಒಸಡು ಇತ್ತು.

“ಇನ್ನೂ ಕೂಡಾಕ ಬರೂದಿಲ್ಲೇನವಾ?”

“ದಪ್ಪ ಅದಾನಲ್ರಿ, ಅದಕ್ಕ ತಡಾ,” ಅಂದಳು ಸಾವಕ್ಕ. ಆಮೇಲೆ ತಾನಾಗಿಯೇ ಹೇಳಿದಳು. “ಅಕ್ಕ ಮನ್ಯಾಗ ಇರೂತನ ನಾ ಒಂದ ರಾತ್ರಿ ಕಣ್ಣ ಮುಚ್ಚಿಲ್ರಿ. ಅಕ್ಕ ಅಂತ ಪ್ರೀತಿ ಇತ್ತು, ಆದ್ರೂ ಕೂಸಿನ ಮ್ಯಾಲ ಕೈ ಇಟಗೊಂಡ ಕುಂದರತಿದ್ದೆ. ಈಗ ನಿದ್ದಿ ಬರತೈತಿ.”

ಹೇಳಬೇಕಾದ ಮಾತು ಧೂಳಪ್ಪನ ಬಾಯಲ್ಲಿ ಬಿಸಿ ತುಪ್ಪವಾಯಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಕೊಲೆಗಾರರ ಎದುರು ಕೂತು ನಿಜ ಬಿಡಿಸಿದವನು ಒಂದು ಲೋಟ ಮಜ್ಜಿಗೆ ಕುಡಿದು, ಕೂಸಿನ ತಲೆ ಸವರಿ, ಎದ್ದು ಬಂದ. ಹೇಡಿತನ ಅನ್ನಿ, ಕರುಣೆ ಅನ್ನಿ. ಬಸ್ಸಿನಲ್ಲಿ ಅವನಿಗೇ ಯಾವುದೆಂದು ಗೊತ್ತಾಗಲಿಲ್ಲ.

ಚಿಕ್ಕೋಡಿಯ ಎಸ್.ಟಿ.ಡಿ. ಬೂತಿನಿಂದ ಮಿರಜಿಗೆ ಫೋನು ಮಾಡಿದ. ಡಾಕ್ಟರು ಮುಷ್ಟಿ, ಒಸಡು ಎಂದು ಎರಡೇ ಮಾತು ಕೇಳಿದರು. ನಾಳೆ ತಾರವ್ವನನ್ನು ಕೋರ್ಟಿಗೆ ತರುತ್ತಾರೆ, ಮನೆಯವರೆಲ್ಲ ಬರುತ್ತಾರೆ, ಕೂಸೂ ಬರುತ್ತದೆ ಎಂದ ಧೂಳಪ್ಪ. ಮುಂಜಾನೆಯ ಮೊದಲ ಬಸ್ಸಿಗೇ ಹೊರಡುತ್ತೇನೆ ಎಂದು ಡಾಕ್ಟರು ಫೋನು ಇಟ್ಟರು.

ಅಲ್ಲಿಂದ ಅವನು ಜೇಲಿಗೆ ಹೋದ. ಹೋಗಬಾರದಿತ್ತು. ಆದರೆ ದಿನಗಟ್ಟಲೆ ಗೋಡೆ ನೋಡಿಕೊಂಡು ಕೂತ ಹೆಣ್ಣಿಗೆ ಒಂದು ಒಳ್ಳೆಯ ಸುದ್ದಿ ಕೊಡದೆ ಮನೆಗೆ ಹೋಗಲು ಅವನ ಮನಸ್ಸು ಒಪ್ಪಲಿಲ್ಲ.

ತಾರವ್ವ ಸರಳುಗಳ ಆಚೆ ಕೂತಿದ್ದಳು. ಇಷ್ಟು ದಿನ ಅವನು ಕೇಳಿದ್ದಕ್ಕೆಲ್ಲ ಅವಳದು ಒಂದೇ ಉತ್ತರ, ಗೊತ್ತಿಲ್ಲರಿ. ನಾನು ಮಾಡಿಲ್ಲ ಎಂದೂ ಅವಳು ಒಮ್ಮೆಯೂ ಅಂದಿರಲಿಲ್ಲ. ಅದು ಪೊಲೀಸರಿಗೆ ಬೇಕಾದಷ್ಟಾಗಿತ್ತು, ಧೂಳಪ್ಪನಿಗೆ ಮಾತ್ರ ಒಗಟಾಗಿತ್ತು.

ಅವನು ಮೊದಲು ಕಾಳಿನ ತೂತುಗಳ ಬಗ್ಗೆ ಹೇಳಿದ. ಆಮೇಲೆ ವಖಾರದ ಕಥೆ ಹೇಳಿದ. ಗುರುತು ಹಾಕುವವನು, ಹಮಾಲ, ಮುಕಾದಮ, ಚೀಲ ಹೊಲಿಯುವವರು ಎಲ್ಲರನ್ನೂ ತಂದ. ತಾರವ್ವ ಕಣ್ಣು ಮಿಟುಕಿಸದೆ ಕೇಳಿದಳು.

“ಹಂಗಾರ ನನ್ನ ಹಾಲಿನಿಂದ ಆಗಿಲ್ಲ?”

“ಇಲ್ಲ.”

“ನನ್ನ ಗುಟ್ಟಿಯಿಂದ? ನಾ ತೇದದ್ರಾಗ ಏನರ ಹೆಚ್ಚುಕಡಿಮಿ ಆಗಿ?”

“ನಿನ್ನ ಕೈಯಿಂದ ಏನೂ ಆಗಿಲ್ಲವಾ. ಅವು ಹುಟ್ಟೂವಾಗ ಹಂಗ ಬಂದಿದ್ದುವು.”

ತಾರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟ ದಿನದಿಂದ ಅವಳು ತನ್ನನ್ನು ತಾನೇ ಕೊಲೆಗಾತಿ ಎಂದು ನಂಬಿದ್ದಳು. ಪೊಲೀಸರು ಬಂದಾಗ ತಡವಾಗಿ ಬಂದರಲ್ಲ ಅಂದುಕೊಂಡಿದ್ದಳಂತೆ. ವಾರ್ಡರ್ ಹೆಂಗಸು ಕೂಡ ಆ ಕಡೆ ತಿರುಗಿ ನಿಂತಳು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಖುಷಿಯಲ್ಲಿರುವ ಪತ್ತೇದಾರನ ಬಾಯಿಗೆ ಬೀಗ ಎಲ್ಲಿಯದು?

ನಾಳೆಯೇ ನಿನ್ನ ಬಿಡುಗಡೆಗೆ ದಾರಿಯಾಗುತ್ತದೆ ಎಂದ ಅವನು. ಹೇಗೆ ಎಂದು ಅವಳು ಕೇಳಿದಳು. ಅವನು ಹೇಳಿದ.

ತಾರವ್ವನ ಅಳು ನಿಂತಿತು.

“ಗಂಗ್ಯಾನ ಕೈ ಖರೇನ ಮುಚ್ಚ್ಯಾವೇನ್ರಿ?”

“ನಾನ ಮುಟ್ಟಿ ನೋಡಿನಿ.”

“ಔಷಧ?”

“ಇಲ್ಲವಾ.”

“ತಂಗಿ ಸಾವಿಗೆ ಗೊತ್ತೈತಿ?”

“ಇಲ್ಲ. ನಾಳಿ ಡಾಕ್ಟರು ಬಂದು ನೋಡತಾರ. ಆಗ ಗೊತ್ತಾಗತೈತಿ.”

ತಾರವ್ವ ಸರಳಿನ ಹತ್ತಿರ ಬಂದು ಕೂತಳು. ಅವಳ ಮುಖದಲ್ಲಿ ಈಗ ಅಳುವಿನ ಗುರುತೂ ಇರಲಿಲ್ಲ. ಬ್ಯಾಡ್ರಿ, ಅಂದಳು. ಧೂಳಪ್ಪನಿಗೆ ಅರ್ಥವಾಗಲಿಲ್ಲ.

“ಸುಂದ್ರಿದು ಕಂಡಿದ್ದೆ ನಾ. ಅದಕ್ಕ ರಾಜ್ಯಾ ಹುಟ್ಟಿದಾಗ ಬರೇ ಅವನ ಬೆರಳ ನೋಡಿದೆ. ಇವತ್ತ ತೆರದಾವೋ, ಮುಚ್ಚ್ಯಾವೋ. ಮುಂಜಾನಿ ಎದ್ದು ಬೆರಳ, ಮಲಗೂ ಮುಂದ ಬೆರಳ. ಅಂವ ನಗತಿದ್ದಾ ಅಂತ ಮಂದಿ ಹೇಳತಾರ. ನಾ ನೋಡಿಲ್ರಿ ಅವನ ನಗಿ. ಸಾವಿ ನೋಡಲಿ.”

“ಅಲ್ಲವಾ, ಇವತ್ತಲ್ಲ ನಾಳೆ ಆಕೀಗೂ ಕಂಡ ಕಾಣತೈತಿ.”

“ಕಾಣಲಿ. ಒಂದ ವರ್ಷರ ಸಿಗತೈತಿ ಅಲ್ರಿ?”

ಧೂಳಪ್ಪ ತನಗೆ ಗೊತ್ತಿದ್ದ ಎಲ್ಲ ಮಾತುಗಳನ್ನೂ ಹೇಳಿದ. ಜನ್ಮವಿಡೀ ಜೇಲಾಗುತ್ತದೆ ಅಂದ. ನಿನ್ನ ಅವ್ವ ಮಲಕವ್ವನ ಮುಖ ನೋಡು ಅಂದ. ಕಡೆಗೆ, ನಿಜ ತಿಳಿಯದಿದ್ದರೆ ಸಾವಕ್ಕ ಇನ್ನೊಂದು ಕೂಸನ್ನು ಹೆರುತ್ತಾಳೆ, ಅದಕ್ಕೂ ಹೀಗಾದರೆ ಯಾರು ಹೊಣೆ ಎಂದು ಕೇಳಿದ. ಆ ಮಾತು ನಾಟಿತು.

“ಆಕಿ ಇನ್ನೊಂದ ಬಸಿರ ಆದ್ರ ಆವಾಗ ಹೇಳ್ರಿ,” ಅಂದಳು. “ಈಗ ಬ್ಯಾಡ. ನಾ ಒಳಗ ಇರೂತನ ಅಕಿ ಮನಿ ಸುದ್ದ ಐತಿ.”

ಬಂದ ಕೆಡಕು ತನ್ನ ಜೊತೆ ಜೇಲು ಸೇರಿದೆ ಎಂದು ತಂಗಿ ನಂಬಿರಲಿ ಎನ್ನುವುದು ಅವಳ ಲೆಕ್ಕ. ಇದು ತಪ್ಪು ಲೆಕ್ಕ ಎಂದು ಧೂಳಪ್ಪನಿಗೆ ಗೊತ್ತಿತ್ತು, ಆದರೆ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಆಗಲಿಲ್ಲ. ಮಾತು ಕೊಡ್ರಿ ಅಂದಳು. ಅವನು ಕೊಡಲೂ ಇಲ್ಲ, ಕೊಡುವುದಿಲ್ಲ ಎನ್ನಲೂ ಇಲ್ಲ. ಅವಳು ಎದ್ದು ಒಳಗಿನ ಗೋಡೆಯ ಹತ್ತಿರ ಹೋಗಿ ಕೂತಳು.

ಮರುದಿನ ಬೆಳಗ್ಗೆ ಎಸ್.ಟಿ.ಡಿ. ಬೂತಿನ ಬಾಗಿಲು ತೆರೆಯುವುದನ್ನೇ ಕಾದಿದ್ದು ಅವನು ಮಿರಜಿಗೆ ಫೋನು ಹಚ್ಚಿದ. ಡಾಕ್ಟರನ್ನು ತಡೆಯಬೇಕೆಂದೋ, ಬೇಗ ಬರಲು ಹೇಳಬೇಕೆಂದೋ ಅವನಿಗೇ ಖಾತ್ರಿ ಇರಲಿಲ್ಲ. ಸಾಹೇಬರು ಆಗಲೇ ಹೊರಟರು ಎಂದರು ಆ ಕಡೆಯವರು.

ಕೋರ್ಟಿನಲ್ಲಿ ಆ ದಿನ ಆಗಬೇಕಾಗಿದ್ದದ್ದು ಬರೀ ತಾರೀಖು ಮುಂದೆ ಹಾಕುವ ಕೆಲಸ. ಮ್ಯಾಜಿಸ್ಟ್ರೇಟರು ತಲೆಯೆತ್ತದೆ ಬರೆಯುತ್ತಿದ್ದರು. ವಿರುಪಾಕ್ಷಪ್ಪ ಆಕಳಿಸುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಭೀಮಸಿ, ಸತ್ಯಪ್ಪ, ಅವರ ಮಗ್ಗುಲಿಗೆ ಕೂಸನ್ನು ಹೆಗಲಿಗೆ ಹಾಕಿಕೊಂಡ ಸಾವಕ್ಕ.

“ನನಗೊಂದ ಹೇಳೂದೈತ್ರಿ,” ಎಂದಳು ತಾರವ್ವ.

ವಕೀಲರು ದಡಬಡ ಎದ್ದರು. ಅವಳು ಅವರ ಕಡೆ ನೋಡಲಿಲ್ಲ.

“ನಾನ ಹಾಕೀನ್ರಿ. ಎರಡಕ್ಕೂ.”

ಮ್ಯಾಜಿಸ್ಟ್ರೇಟರು ಪೆನ್ನು ಇಟ್ಟರು. ಹೀಗೆ ಹೇಳಬೇಕೆಂದು ನಿನ್ನ ಮೇಲೆ ಯಾರ ಒತ್ತಾಯವೂ ಇಲ್ಲ, ಹೇಳಿದರೆ ಅದನ್ನು ನಿನ್ನ ವಿರುದ್ಧವೇ ಬಳಸುತ್ತಾರೆ, ಗೊತ್ತೇ ಎಂದು ಕೇಳಿದರು. 'ಗೊತ್ತೈತ್ರಿ' ಎಂದಳು. ಕಾಳಿಗೆ ತೂತುಗಳಿವೆ, ಅವು ಮಕ್ಕಳ ಕೈಗೆ ಕಟ್ಟಿದ್ದ ಮಣಿಗಳು ಎಂದು ವಿರುಪಾಕ್ಷಪ್ಪ ಕೂಗಿದರು. ತಾರವ್ವ ಶಾಂತವಾಗಿ, ಸಿಪ್ಪೆ ಗಟ್ಟಿ ಇರುತ್ತದೆ, ಒಳಗಿನ ವಿಷ ನೀರಿಗೆ ಇಳಿಯಲೆಂದು ತಾನೇ ಸೂಜಿಯಿಂದ ಕೊರೆದೆ, ಎಣಿಕೆ ತಪ್ಪದಿರಲೆಂದು ದಾರಕ್ಕೆ ಪೋಣಿಸಿ ಇಟ್ಟಿದ್ದೆ ಎಂದಳು.

ಆ ತೂತುಗಳೇ ಅವಳನ್ನು ಬಿಡಿಸುವ ಸಾಕ್ಷಿ ಎಂದು ಅವಳಿಗೆ ಹೇಳಿದ್ದು ಧೂಳಪ್ಪನೇ. ಇಡೀ ರಾತ್ರಿ ಅವಳು ಅದನ್ನು ತಿರುವಿ ತಿರುವಿ ತನ್ನ ಕುತ್ತಿಗೆಗೆ ಸರಿಯಾಗಿ ಹೊಂದಿಸಿಕೊಂಡಿದ್ದಳು. ಅವನು ತನ್ನ ಸರ್ವೀಸಿನಲ್ಲಿ ತಪ್ಪಿಸಿಕೊಳ್ಳಲು ಸುಳ್ಳು ಹೇಳಿದವರನ್ನು ಬೇಕಾದಷ್ಟು ಕಂಡಿದ್ದ, ಸಿಕ್ಕಿಬೀಳಲು ಇಷ್ಟು ಚೆನ್ನಾಗಿ ಸುಳ್ಳು ಹೇಳಿದವರನ್ನು ಕಂಡಿರಲಿಲ್ಲ.

ಮ್ಯಾಜಿಸ್ಟ್ರೇಟರು ಹಳಬರು. ಈಗಲೇ ಬರೆದುಕೊಳ್ಳುವುದಿಲ್ಲ, ಸೋಮವಾರದವರೆಗೆ ವಿಚಾರ ಮಾಡು, ಆಮೇಲೂ ಇದೇ ಮಾತಾದರೆ ನನ್ನ ಖೋಲಿಯಲ್ಲಿ ನಾನೇ ಬರೆದುಕೊಳ್ಳುತ್ತೇನೆ ಎಂದು ಅವಳನ್ನು ವಾಪಸು ಕಳಿಸಿದರು. ಪೊಲೀಸರ ನಡುವೆ ಹೋಗುವಾಗ ತಾರವ್ವ ಧೂಳಪ್ಪನ ಮುಂದೆಯೇ ಹಾದುಹೋದಳು. ಬೈಯಲಿಲ್ಲ, ಬೇಡಲಿಲ್ಲ. ತಂಗಿಯ ಹೆಗಲ ಮೇಲಿನ ಕೂಸನ್ನು ಮಾತ್ರ ಒಮ್ಮೆ ನೋಡಿದಳು.

ಭೀಮಸಿ ಕೋರ್ಟಿನ ಕಟ್ಟೆಯ ಮೇಲೆ ಕುಸಿದು ಕೂತು ತಲೆಗೆ ಕೈ ಹಚ್ಚಿದ. ತಮ್ಮ ಸತ್ಯಪ್ಪ ಅವನಿಗೆ ನೀರು ತರಲು ಹೋದ. ವಿರುಪಾಕ್ಷಪ್ಪ ಧೂಳಪ್ಪನ ಹತ್ತಿರ ಬಂದು, ಸೋಮವಾರದೊಳಗೆ ಆ ಕೂಸಿನ ವಿಷಯ ಹೊರಗೆ ಬರದಿದ್ದರೆ ಇವಳನ್ನು ದೇವರೂ ಬಿಡಿಸಲಾರ ಎಂದು ಕಿವಿಯಲ್ಲಿ ಹೇಳಿ ಹೋದರು.

ಅಷ್ಟರಲ್ಲಿ ಸಾವಕ್ಕನೇ ಅವನನ್ನು ಹುಡುಕಿಕೊಂಡು ಬಂದಳು. ಅತ್ತು ಮುಗಿಸಿದ ಮುಖ. ಅದರಲ್ಲಿ ದುಃಖವಿತ್ತು. ದುಃಖದ ಕೆಳಗೆ ಬೇರೊಂದೂ ಇತ್ತು, ಅದನ್ನು ನೋಡಲು ಧೂಳಪ್ಪನಿಗೆ ಧೈರ್ಯ ಸಾಲಲಿಲ್ಲ.

“ನನ್ನ ಎದಿಯಾಗ ಒಂದ ಸಂಶೆ ಇತ್ರಿ,” ಅಂದಳು. “ಅಕ್ಕ ಅಲ್ಲೇನೋ, ಬ್ಯಾರೆ ಏನರ ಐತೇನೋ ಅಂತ. ಇವತ್ತ ಅಕ್ಕನ ಒಪ್ಪಿಕೊಂಡ್ಲು. ಇನ್ನ ನನ್ನ ಕೂಸಿಗೆ ಭಯ ಇಲ್ಲ ಅಲ್ರಿ?”

ಹೌದು ಎಂದರೆ ಅಕ್ಕ ಹೋದಳು, ಇಲ್ಲ ಎಂದರೆ ತಂಗಿ ಹೋದಳು. ಧೂಳಪ್ಪ ಬಾಯಿ ತೆರೆದ. ಯಾವ ಮಾತು ಬರುತ್ತಿತ್ತೋ, ಅವನಿಗೂ ಗೊತ್ತಿಲ್ಲ.

ಗೇಟಿನ ಹತ್ತಿರ ಬಸ್ಸಿನ ಧೂಳು ಇನ್ನೂ ಇಳಿದಿರಲಿಲ್ಲ. ಡಾಕ್ಟರ್ ಬಾಹುಬಲಿ ಕೈಯಲ್ಲಿ ಬ್ಯಾಗು ಹಿಡಿದು, ಜನರನ್ನು ಸರಿಸುತ್ತ, ಬಿರಬಿರನೆ ಅಂಗಳ ದಾಟಿ ಬಂದರು. ಒಳಗೆ ಏನಾಯಿತೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಧೂಳಪ್ಪ ಕೈಯೆತ್ತಿ ತಡೆಯುವಷ್ಟರಲ್ಲಿ ಅವರ ಕಣ್ಣು ನೇರವಾಗಿ ಸಾವಕ್ಕನ ಹೆಗಲ ಮೇಲಿದ್ದ ಪುಟ್ಟ ಮುಷ್ಟಿಗೆ ಹೋಗಿತ್ತು.

“ಇದ ಏನೋ ಧೂಳಪ್ಪ, ಆ ಕೂಸು?”

ಸಾವಕ್ಕ ಡಾಕ್ಟರನ್ನು ನೋಡಿದಳು, ಅವರ ಬ್ಯಾಗನ್ನು ನೋಡಿದಳು. ಆಮೇಲೆ ಧೂಳಪ್ಪನ ಕಡೆ ತಿರುಗಿದಳು.

“ಯಾವ ಕೂಸರಿ?” ಎಂದು ಕೇಳಿದಳು.